ಅನಗತ್ಯ ಬೆಳಕು

ಡಿಸೆಂಬರ್ ಹನ್ನೆರಡು, ಗುರುವಾರ, ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮೂರಿನ ಕರೆಂಟು ಹೋಯಿತು. ನಾನಾಗ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಬೀಗ ಹಾಕುವುದರಲ್ಲಿದ್ದೆ. ಕರೆಂಟಿನಿಂದ ಓಡುವ ಗೋಡೆಯ ಗಡಿಯಾರ ನಿಂತದ್ದು ನೋಡಿ, ಎಂದಿನಂತೆ ವೀಕ್ಷಣೆಯ ಪುಸ್ತಕ ತೆಗೆದು ‘5.20, ಕರೆಂಟು ಹೋಯಿತು’ ಎಂದು ಬರೆದೆ. ಹನ್ನೆರಡು ನಿಮಿಷದ ನಂತರ ‘ಬಂತು’ ಎಂದೂ ಬರೆದೆ. ಆ ಎರಡು ಸಾಲುಗಳ ನಡುವೆ ಕೆರೆಯ ಆಚೆ ದಂಡೆಯಲ್ಲಿ ಲೈನ್‌ಮನ್ ಫಕೀರಪ್ಪ ಕಂಬದಿಂದ ಬಿದ್ದು ಸತ್ತಿದ್ದ. ಅದು ನನಗೆ ಗೊತ್ತಾದದ್ದು ಮನೆಗೆ ಹೋಗುವ ದಾರಿಯಲ್ಲಿ, ಜನ ಗುಂಪುಗುಂಪಾಗಿ ಕೆರೆಯ ಕಡೆ ಓಡುತ್ತಿದ್ದುದನ್ನು ಕಂಡ ಮೇಲೆ.

ಫಕೀರಪ್ಪ ಕಂಬ ಏರಿದ್ದು ಕೆರೆಹಬ್ಬದ ಕೆಲಸಕ್ಕೆ. ವರ್ಷಾಂತ್ಯದ ರಜೆಯಲ್ಲಿ ನಮ್ಮೂರವರು ಕೆರೆದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು, ಹಾಡಿ, ಮಲಗುವ ಹೊತ್ತಿಗೆ ಮನೆಗೆ ಹೋಗುತ್ತಾರೆ. ಹಬ್ಬ ಎಂದರೆ ಅಷ್ಟೇ. ಈ ವರ್ಷ ಅದು ಡಿಸೆಂಬರ್ ಇಪ್ಪತ್ಮೂರಕ್ಕಿತ್ತು. ಈ ಸಲ ಹಬ್ಬದ ಸಮಿತಿಯ ಅಧ್ಯಕ್ಷ ನೀಲಕಂಠಗೌಡರಿಗೆ ಡ್ರೋನ್ ಪ್ರದರ್ಶನ ಆಗಲೇಬೇಕಿತ್ತು. ಮುನ್ನೂರು ಡ್ರೋನ್‌ಗಳು ದೀಪ ಹೊತ್ತು ಹಾರಿ, ಆಕಾಶದಲ್ಲಿ ಕಮಲ, ನವಿಲು, ಮುಗಿದ ಕೈ ಬರೆಯಬೇಕು. ಅವುಗಳ ಬ್ಯಾಟರಿ ತುಂಬಿಸಲು ಆಚೆ ದಂಡೆಗೆ ಹೊಸ ಲೈನು ಬೇಕಾಯಿತು. ಲೈನು ಎಳೆಯಲು ಫಕೀರಪ್ಪ ಬೇಕಾದ. ಅವನು ಮೇಲಿರುವಾಗಲೇ ಕೆಳಗೆ ಯಾರೋ ಸ್ವಿಚ್ಚು ಹಾಕಿದರು, ಅವನಿಗೆ ಹೊಡೆದ ಕ್ಷಣವೇ ಊರಿನ ಕರೆಂಟೂ ಹೋಯಿತು. ಅವನು ಸತ್ತ ಮರುದಿನವೇ ಗೌಡರೂ ಸಮಿತಿಯ ನಾಲ್ವರೂ ತನಿಖೆಯ ಅಧಿಕಾರಿಗೆ ಕೊಡುವ ಒಂದು ಹೇಳಿಕೆಗೆ ಸಹಿ ಹಾಕಿದರು: ‘ಮೃತನು ಯಾರಿಗೂ ತಿಳಿಸದೆ ತಾನಾಗಿ ಕಂಬ ಏರಿದ್ದು, ಆತ ಮೇಲಿರುವುದು ಸ್ಥಳದಲ್ಲಿದ್ದ ಯಾರ ಗಮನಕ್ಕೂ ಬಂದಿರುವುದಿಲ್ಲ.’ ಅಂದರೆ ಸ್ವಿಚ್ಚು ಹಾಕಿದವರದು ತಪ್ಪಲ್ಲ, ಸತ್ತವನದೇ ತಪ್ಪು. ಈಚೆ ದಂಡೆಯ ಮೆಟ್ಟಿಲಿಗೆ ಬಣ್ಣ ಹೊಡೆಯುವುದಕ್ಕೆಂದು ಎರಡು ದಿನ ಹಗ್ಗ ಕಟ್ಟಿ ಬಂದ್ ಮಾಡಿದ್ದರಿಂದ, ಸಮಿತಿಯವರನ್ನು ಬಿಟ್ಟರೆ ಅದನ್ನು ಕಂಡವರು ಯಾರೂ ಇರಲಿಲ್ಲ. ಕೆರೆಯೊಂದನ್ನು ಬಿಟ್ಟು.

ನಮ್ಮ ಕೆರೆಯ ಪ್ರತಿಬಿಂಬ ತಡವಾಗಿ ಬರುತ್ತದೆ. ಇವತ್ತು ಹೋಗಿ ಬಗ್ಗಿದರೆ ಇವತ್ತಿನ ಮುಖ ಕಾಣುವುದಿಲ್ಲ. ಹನ್ನೊಂದು ದಿನ, ಒಂದು ಗಂಟೆ, ನಲವತ್ತೇಳು ನಿಮಿಷದ ಹಿಂದೆ ಅಲ್ಲಿ ಬಗ್ಗಿದವರ ಮುಖ ಕಾಣುತ್ತದೆ. ಆಚೆ ದಂಡೆಯ ಪುರಸಭೆ ಗಡಿಯಾರವನ್ನೂ ನೀರಿನಲ್ಲಿರುವ ಅದರ ಬಿಂಬವನ್ನೂ ದೂರದರ್ಶಕದಲ್ಲಿ ಪ್ರತಿ ಸೋಮವಾರ ಓದಿ ಈ ಅಂತರವನ್ನು ದಾಖಲಿಸುವುದು ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ. ಊರಲ್ಲಿ ನಾನು ಗಡಿಯಾರದ ಅಕ್ಕೋರು. ಅಂತರದಲ್ಲಿ ಆ ಒಂದೂ ಮುಕ್ಕಾಲು ಗಂಟೆ ಹೆಚ್ಚಿಗೆ ಇರುವುದರಿಂದ ಸೂರ್ಯ ಮುಳುಗಿದ ಮೇಲೂ ಕೆರೆ ಬೆಳಗುತ್ತಲೇ ಇರುತ್ತದೆ, ಹಳೆಯ ಸಂಜೆಯ ಬಿಸಿಲಿನಲ್ಲಿ. ಆ ಬೆಳಕಿನಲ್ಲಿ ಹೆಂಗಸರು ಮೆಟ್ಟಿಲ ಮೇಲೆ ಕುಳಿತು ಅಕ್ಕಿ ಆರಿಸುತ್ತಾರೆ, ಮಕ್ಕಳು ಓದಿಕೊಳ್ಳುತ್ತಾರೆ. ಬೆಳಿಗ್ಗೆ ಎಂಟಾದರೂ ನೀರು ಕಪ್ಪಗೇ ಇರುತ್ತದೆ, ಬಟ್ಟೆ ಒಗೆಯುವವರು ಕೊಳೆ ಹೋಯಿತೋ ಇಲ್ಲವೋ ಎಂದು ಕೈಯಿಂದ ಸವರಿ ನೋಡಬೇಕು. ಆಚೆ ದಂಡೆಯ ಸಾರಾಯಿ ಅಂಗಡಿಗೆ ಹೋಗುವ ಗಂಡಸರು ಕಂಬಳಿ ಮುಸುಕು ಹಾಕಿಕೊಂಡು ಹೋಗುತ್ತಾರೆ, ಹನ್ನೆರಡನೆಯ ದಿನ ಮನೆಯಲ್ಲಿ ಲೆಕ್ಕ ಕೊಡಬೇಕಾಗುತ್ತದಲ್ಲ.

ಇನ್ನೊಂದು ರೂಢಿಯಿದೆ. ಊರಿನ ಪ್ರತಿಯೊಬ್ಬರೂ ದಿನಕ್ಕೊಮ್ಮೆ ಕೆರೆಗೆ ಬಂದು ನೀರಿನೆದುರು ಒಂದು ಗಳಿಗೆ ನಿಂತು ಹೋಗುತ್ತಾರೆ. ನೀರಿಗೆ ಮುಖ ಕೊಡುವುದು ಎನ್ನುತ್ತಾರೆ ಅದಕ್ಕೆ. ಯಾರಾದರೂ ಸತ್ತರೆ ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಮನೆಯವರು ಮೆಟ್ಟಿಲಿಗೆ ಬರುತ್ತಾರೆ. ಸತ್ತವರು ಕೊನೆಯ ಸಲ ಮುಖ ಕೊಟ್ಟದ್ದು ಆಗ ನೀರಿನಲ್ಲಿ ಬರುತ್ತದೆ, ಜೀವಂತ, ಕಣ್ಣು ಮಿಟುಕಿಸುತ್ತ. ಅದು ಕಡೇ ನೋಟ. ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿಕೊಂಡು ಅವರು ಮೊದಲು ಬರುವುದು ನನ್ನ ಹತ್ತಿರ.

ಫಕೀರಪ್ಪನ ಹೆಂಡತಿ ಶಾವಂತ್ರವ್ವ ಬಂದದ್ದು ಮೂರನೆಯ ದಿನ. “ಒಳಗ ಬರ್ಲೇನ್ರೀ ಅಕ್ಕೋರ?” ಎಂದು ಬಾಗಿಲಲ್ಲೇ ನಿಂತಳು. ಕೂಡು ಎಂದರೂ ಕೂಡಲಿಲ್ಲ. “ಬಣ್ಣ ಹಚ್ಚತಾರಂತ ಮೆಟ್ಟಲ ಬಂದ್ ಇತ್ತಲ್ರೀ, ಅದಕ್ಕ ಎರಡ ದಿವಸ ಅವ್ರು ನೀರಿಗೆ ಮಾರಿ ಕೊಟ್ಟಿದ್ದಿಲ್ಲ. ಆ ಕಂಬದ ಮ್ಯಾಲಿಂದ ಇರೂದ ಕಡೇ ನೋಟ. ಅದು ಎಷ್ಟಕ್ಕ ಬರತೈತಿ ಹೇಳ್ರಿ.” ನಾನು ಪುಸ್ತಕ ತೆಗೆದೆ. ಐದು ಇಪ್ಪತ್ತಕ್ಕೆ ಅಂತರ ಕೂಡಿಸಿ, ಇಪ್ಪತ್ಮೂರನೇ ತಾರೀಕು ಸಂಜೆ ಏಳು ಗಂಟೆ ಏಳು ನಿಮಿಷ ಎಂದೆ. ಆಮೇಲೆ ತಡೆಯಲಾಗದೆ, “ಬ್ಯಾಡ ಶಾವಂತ್ರವ್ವ, ಅದನ್ಯಾಕ ನೋಡತಿ?” ಎಂದೆ. ಅವಳ ದನಿ ಏರಿತು. “ಸಾಯೂದ ನೋಡಾಕಲ್ರೀ. ಏರೂದ ನೋಡಬೇಕು. ಮೂವತ್ತ ವರ್ಷದಾಗ ಅವ್ರು ಕೆಳಗಿನವ್ರು ಕೈ ಎತ್ತಿ ಹತ್ತ ಅನ್ನೂತನಕ ಕಂಬಕ್ಕ ಕಾಲ ಇಟ್ಟಾವ್ರಲ್ಲ. ಹಂತಾವ್ರನ್ನ ಹೇಳದ ಕೇಳದ ಹತ್ತಿದಾ ಅಂತ ಬರದಾರ. ಹತ್ತ ಅಂದಾವ್ರ ಯಾರು ಅಂತ ಊರ ನೋಡಲಿ. ನೀರು ಸುಳ್ಳ ಹೇಳಂಗಿಲ್ಲಲ್ಲ?” ಇಲ್ಲ, ಎಂದೆ. ಆ ಮಾತನ್ನು ನಾನು ಹತ್ತೊಂಬತ್ತು ವರ್ಷದ ದಾಖಲೆಯ ಮೇಲೆ ಕೈಯಿಟ್ಟು ಹೇಳಬಲ್ಲೆ.

ಹದಿನೆಂಟಕ್ಕೆ ಡ್ರೋನ್ ಕಂಪನಿಯ ಎಂಜಿನಿಯರ್ ನಿಖಿಲ್ ಪೈ ಊರಿಗೆ ಬಂದ. ಸಂಜೆ ಏಳಕ್ಕೆ ಹತ್ತು ಡ್ರೋನ್ ಹಾರಿಸಿ ನೋಡಿದವನೇ ಕಂಗಾಲಾಗಿ ಸಮಿತಿಯ ಕಚೇರಿಗೆ ಬಂದ. ನನ್ನನ್ನೂ ಕರೆಸಿದ್ದರು. “ಸರ್, ಕೆರೆ ಒಳಗೆ ಏನು ಲೈಟ್ ಹಾಕಿದ್ದೀರಿ? ಆಫ್ ಮಾಡಿಸಿ ಪ್ಲೀಸ್. ಕೆಳಗೆ ಇಷ್ಟು ಬೆಳಕಿದ್ರೆ ಮೇಲಿನ ಚಿತ್ರ ಏನೂ ಕಾಣಲ್ಲ, ಕ್ಯಾಮೆರಾದಲ್ಲಂತೂ ಬರೋದೇ ಇಲ್ಲ.” ಗೌಡರು ನಕ್ಕರು. “ಅದನ್ನ ಆಫ್ ಮಾಡೂ ಸ್ವಿಚ್ಚ ನಮ್ಮಜ್ಜನ ಕಾಲದಿಂದ ಹುಡಕಾಕ ಹತ್ತೇವಿ ತಮ್ಮಾ, ಸಿಕ್ಕಿಲ್ಲ.” ಎಂಟು ಗಂಟೆಗೆ ಕೆರೆ ತಾನಾಗಿ ಕತ್ತಲಾಗುತ್ತದೆ, ಎಂಟೂವರೆಗೆ ಪ್ರದರ್ಶನ ಇಟ್ಟುಕೊಳ್ಳಿ ಎಂದೆ ನಾನು. ನಿಖಿಲನೂ ತಲೆಯಾಡಿಸಿದ. “ಆಗಂಗಿಲ್ಲ,” ಎಂದರು ಗೌಡರು. “ಮುಖ್ಯ ಅತಿಥಿಗಳು ಎಂಟಕ್ಕ ಹೊಂಡತಾರ. ಏಳಕ್ಕ ಟೀವಿಯಾಗ ಲೈವ್ ಐತಿ. ಏಳಂದ್ರ ಏಳು. ಅಕ್ಕೋರ, ಕೆರಿಯೊಳಗ ಬೆಳಕು ಎಷ್ಟಕ್ಕ ಶುರು, ಎಷ್ಟಕ್ಕ ಮುಗಿತೈತಿ, ಅದನ್ನ ಬರದ ಕೊಡ್ರಿ.” ನಾನು ಬರೆದುಕೊಟ್ಟೆ. ಕೇಳಿದವರಿಗೆ ಅಂಕಿ ಕೊಡುವುದು ನನ್ನ ಧರ್ಮವೆಂದು ತಿಳಿದಿದ್ದವಳು ನಾನು. ಅದನ್ನು ಯಾತಕ್ಕೆ ಬಳಸುತ್ತೀರಿ ಎಂದು ಕೇಳುವುದೂ ಧರ್ಮವೇ ಎಂದು ಆವತ್ತು ಹೊಳೆಯಲಿಲ್ಲ.

ಮರುದಿನ ಪುರಸಭೆಯ ಗೋಡೆಯ ಮೇಲೆ ಠರಾವು ಅಂಟಿತ್ತು: ‘ಕೆರೆಯಿಂದ ಬರುವ ಅನಗತ್ಯ ಬೆಳಕನ್ನು ತಡೆಯಲು, ಮೆಟ್ಟಿಲ ಎದುರಿನ ನೀರನ್ನು ದಿ. 23ರಂದು ಸಂಜೆ 4ರಿಂದ 8.30ರವರೆಗೆ ಕಪ್ಪು ಹೊದಿಕೆಯಿಂದ ಮುಚ್ಚತಕ್ಕದ್ದು.’ ಅನಗತ್ಯ ಬೆಳಕು! ಆ ಎರಡು ಪದ ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಯಾರ ಅಪ್ಪನ ಬೆಳಕು ಅದು? ನಮ್ಮೂರಿನ ಅರ್ಧ ಮಕ್ಕಳು ಆ ಬೆಳಕಿನಲ್ಲಿ ಅಕ್ಷರ ಕಲಿತವು. ಅದರಲ್ಲಿ ಜನ ತಂದೆಯನ್ನು, ಕೂಸನ್ನು, ಕಟ್ಟಿಕೊಂಡವಳನ್ನು ಕಡೆಯ ಸಲ ಕಂಡು ಮನೆಗೆ ಹೋದರು. ಕಂಪನಿಯವರು ಹಂಚಿದ ಬಣ್ಣದ ಚೀಟಿಯಲ್ಲಿ ಆಕಾಶದ ನವಿಲು ಅದೇ ಕ್ಷಣಕ್ಕೆ ನೀರಿನಲ್ಲೂ ಗರಿ ಬಿಚ್ಚಿತ್ತು, ಬೇರೆ ಯಾವುದೋ ಊರಿನ ಯಾವುದೋ ಅವಸರದ ಕೆರೆಯಲ್ಲಿ ಆಗುವಂತೆ. ಅಂಥ ಕೆರೆ ನಮಗಿಲ್ಲವೆಂದು ನಾಚಿಕೊಂಡು, ಇರುವ ಕೆರೆಯ ಮೇಲೆ ಹಾಳೆ ಎಳೆಯುವುದಕ್ಕೆ ಹೊರಟಿದ್ದರು.

ಗೌಡರ ಮನೆಗೆ ಹೋದೆ. ಅವರು ಎಂದಿನ ಬಿಳಿ ಧೋತರ, ಕೆಂಪು ಶಾಲಿನಲ್ಲಿ ಹೊರಗಿನ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಏಳು ಗಂಟೆ ಏಳು ನಿಮಿಷಕ್ಕೆ ಫಕೀರಪ್ಪನ ಕಡೇ ನೋಟವಿದೆ, ಹೊದಿಕೆಯ ನಡುವೆ ಒಂದಿಷ್ಟು ಜಾಗ ಬಿಡಿ, ಅಥವಾ ಪ್ರದರ್ಶನವನ್ನು ಹತ್ತು ನಿಮಿಷ ಮುಂದಕ್ಕೆ ಹಾಕಿ ಎಂದೆ. “ಏನ್ ಅಕ್ಕೋರ, ಒಬ್ಬಾಕಿ ಸಲುವಾಗಿ ಇಡೀ ಊರಿನ ಹಬ್ಬ ನಿಲ್ಲಸೂದೇನು?” ನಿಲ್ಲಿಸುವುದು ಬೇಡ, ಹತ್ತು ನಿಮಿಷ ಎಂದೆ. “ಬಿದ್ದ ಸತ್ತದ್ದನ್ನ ಹೆಂಗಸರಿಗೆ ತೋರಸೂದು ಚಲೋನಾ? ನಿಮಗರ ಮನಸ್ಸ ಹೆಂಗ ಬರತೈತ್ರಿ? ನಾವು ಆಕೀ ಸಲುವಾಗೇ ಮುಚ್ಚಾಕ ಹತ್ತೇವಿ ಅಂತ ತಿಳಕೋರಿ.” ಅವನು ಮೇಲಿದ್ದದ್ದು ನಿಮಗೆ ನಿಜವಾಗಿಯೂ ಗೊತ್ತಿರಲಿಲ್ಲವೇ ಎಂದು ಕೇಳಿಯೇಬಿಟ್ಟೆ. ಗೌಡರು ಬಟ್ಟಲನ್ನು ಬಸಿಯ ಮೇಲೆ ಮೆಲ್ಲಗೆ ಇಟ್ಟರು. “ಮೋಡ ನೋಡಕೋತ ನಿಂದ್ರೂ ಮನಷಾ ಅಲ್ಲ ನಾ. ಹಬ್ಬದಾಗ ನೂರಾಯೆಂಟ ಕೆಲಸ. ಕಂಬದ ಕಡೆ ಕತ್ತ ಎತ್ತಿ ಸೈತ ನೋಡಿಲ್ಲ. ಬರದ ಕೊಟ್ಟೀನಲ್ಲ?” ಅವರು ಬೇಕೆಂದೇ ಕೆರೆ ಮುಚ್ಚಿಸಿದರೆಂದು ನಾನು ಹೇಳುವುದಿಲ್ಲ. ಉದ್ದೇಶವನ್ನು ಅಳೆಯುವ ಉಪಕರಣ ನನ್ನ ಹತ್ತಿರ ಇಲ್ಲ. ಆದರೆ ಕಂಬದ ಬಿಂಬ ಬೀಳುವ ಜಾಗ ಅವರು ಗುರುತು ಹಾಕಿಸಿದ ಚೌಕದ ನಟ್ಟನಡುವೆ ಇತ್ತು. ಅದನ್ನು ನಾನು ಟೇಪು ಹಿಡಿದು ನೋಡಿದೆ.

ಇಪ್ಪತ್ಮೂರಕ್ಕೆ, ನಾಲ್ಕಕ್ಕೆ ಮೊದಲೇ ಮೆಟ್ಟಿಲಿಗೆ ಹೋದೆ. ಅರವತ್ತು ಮೀಟರ್ ಉದ್ದ, ನಲವತ್ತು ಅಗಲದ ಹೊದಿಕೆಗೆ ಬೇಕಾದಷ್ಟು ಕರಿಬಟ್ಟೆ ಎಲ್ಲಿ ಸಿಗಬೇಕು? ಗೌಡರು ತಮ್ಮ ಕಲ್ಲಂಗಡಿ ಹೊಲಕ್ಕೆ ತರಿಸಿದ್ದ ಮಲ್ಚಿಂಗ್ ಶೀಟಿನ, ಎಂದರೆ ಕಳೆ ಬಾರದಂತೆ ನೆಲಕ್ಕೆ ಹೊದಿಸುವ ಪ್ಲಾಸ್ಟಿಕ್ ಹಾಳೆಯ, ಹೊಸ ಸುರುಳಿಗಳನ್ನು ಇಳಿಸಿದ್ದರು. ಆಳುಗಳು ನಾಲ್ಕು ಅಡಿ ಅಗಲದ ಆ ಪಟ್ಟಿಗಳನ್ನು ಟೇಪಿನಿಂದ ಒಂದಕ್ಕೊಂದು ಅಂಟಿಸಿ, ಅಂಚಿಗೆ ಖಾಲಿ ಕ್ಯಾನು ಕಟ್ಟಿ, ನೀರಿಗೆ ತೇಲಿಬಿಡುತ್ತಿದ್ದರು. ಹೊಲ ಮಾಡುವ ಎಲ್ಲರಿಗೂ ಗೊತ್ತು, ಆ ಹಾಳೆಗೆ ಎರಡು ಮೈ. ಒಂದು ಕಪ್ಪು, ಒಂದು ಬೆಳ್ಳಿ. ಹೊಲದಲ್ಲಿ ಬೆಳ್ಳಿಯ ಮೈ ಮೇಲೆ ಬರುವಂತೆ ಹಾಸುತ್ತಾರೆ. ಇಲ್ಲಿ ಆಕಾಶಕ್ಕೆ ಕಪ್ಪು ಕಾಣಬೇಕಿತ್ತು, ಆದ್ದರಿಂದ ಮಗುಚಿ ಹಾಸಿದರು. ಬೆಳ್ಳಿಯ ಮೈ ನೀರಿಗೆ ಅಂಟಿತು.

ಒಬ್ಬ ಆಳು ಪಟ್ಟಿಯ ತುದಿ ಎತ್ತಿದಾಗ ಅದರಡಿಯ ಬೆಳ್ಳಿ ಒಮ್ಮೆ ಕಣ್ಣಿಗೆ ಹೊಡೆಯಿತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಪುಸ್ತಕ ತೆಗೆದೆ. ಕೆರೆಯಿಂದ ಏಳುವ ಬೆಳಕನ್ನು ಕಪ್ಪು ನುಂಗುತ್ತದೆ, ಬೆಳ್ಳಿ ನುಂಗುವುದಿಲ್ಲ. ಅದು ಬಂದದ್ದನ್ನು ಬಂದ ಕಡೆಗೇ ತಿರುಗಿಸಿ ಕಳಿಸುತ್ತದೆ. ಅಂದರೆ ಇವತ್ತು ಏಳು ಏಳಕ್ಕೆ ಹಾಳೆಯ ಕೆಳಗೆ ಕಾಣುವುದೆಲ್ಲ ಮತ್ತೆ ನೀರಿಗೇ ಇಳಿಯುತ್ತದೆ. ನೀರಿಗೆ ಇಳಿದದ್ದು ಇನ್ನೊಂದು ಸಲ ಹನ್ನೊಂದು ದಿನ, ಒಂದು ಗಂಟೆ, ನಲವತ್ತೇಳು ನಿಮಿಷಕ್ಕೆ ಮೇಲೆ ಬರಲೇಬೇಕು. ಪುಸ್ತಕದ ಹಿಂಬದಿಯಲ್ಲಿ ಕೂಡಿಸಿದೆ: ಜನವರಿ ಮೂರು, ಶುಕ್ರವಾರ, ರಾತ್ರಿ ಎಂಟು ಗಂಟೆ ಐವತ್ನಾಲ್ಕು ನಿಮಿಷ. ಮಂಕಾಗಿ ಬಂದೀತು, ಸುಕ್ಕು ಬಿದ್ದ ಕಡೆ ಮುರಿದು ಬಂದೀತು. ಬರುತ್ತದೆ ಎಂಬುದರಲ್ಲಿ ಮಾತ್ರ ನನಗೆ ಸಂಶಯವಿರಲಿಲ್ಲ. “ಏನ್ರೀ ಅಕ್ಕೋರ, ನೆಲಕ್ಕ ಕುಂತಬಿಟ್ರಿ?” ಎಂದರು ಅತ್ತ ಬಂದ ಗೌಡರು. “ಭಾಳ ಚಲೋ ಹಾಸ್ಯಾರ್ರೀ,” ಎಂದೆ. ಅದು ಸುಳ್ಳಲ್ಲ.

ಪ್ರದರ್ಶನ ಸರಿಯಾಗಿ ಏಳಕ್ಕೆ ಶುರುವಾಯಿತು. ಚೆಂದವಿತ್ತು, ಇಲ್ಲವೆನ್ನುವುದು ಅಪ್ರಾಮಾಣಿಕತೆ. ಮುನ್ನೂರು ಚುಕ್ಕಿಗಳು ಒಂದೇ ಉಸಿರಿನಲ್ಲಿ ಕಮಲವಾದವು, ಕಮಲ ನವಿಲಾಯಿತು. ಜನ ಹೋ ಎಂದರು. ಏಳು ಏಳಕ್ಕೆ ಆಕಾಶದಲ್ಲಿ ಎರಡು ಕೈ ಮುಗಿದುಕೊಂಡವು, ಮೈಕಿನಲ್ಲಿ ಗೌಡರ ಹೆಸರು ಕೇಳಿತು. ಶಾವಂತ್ರವ್ವ ಆಕಾಶಕ್ಕೆ ಬೆನ್ನು ಹಾಕಿ ಕೊನೆಯ ಮೆಟ್ಟಿಲ ಮೇಲೆ ಕುಳಿತು, ಕಪ್ಪು ಹಾಳೆಯ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದಳು, ಹರಿದು ತೆಗೆಯುವವಳಂತೆ. ಕಾವಲಿಗೆ ನಿಂತವನು “ಏ ಯವ್ವಾ, ಬಿಡು” ಎನ್ನುತ್ತಿದ್ದ. ನಾನು ಹೋಗಿ ಅವಳ ಪಕ್ಕ ಕುಳಿತೆ. ಹರಿಯಬೇಡ, ಎಂದು ಕಿವಿಯಲ್ಲಿ ಹೇಳಿದೆ. ಯಾಕೆಂದೂ ಹೇಳಿದೆ. ಬೆಳ್ಳಿಯ ಮೈ, ತಿರುಗಿ ಇಳಿಯುವುದು, ಮೂರನೇ ತಾರೀಕು. ಅವಳು ನನ್ನ ಮುಖವನ್ನೇ ನೋಡಿದಳು. “ಖರೇನ್ರೀ?” “ಖರೇ.” “ಸಮಾಧಾನಕ್ಕ ಹೇಳಾಕ ಹತ್ತಿಲ್ಲಲ್ಲ?” “ನಾ ಯಾರಿಗೂ ಸಮಾಧಾನಕ್ಕ ಟೈಮ್ ಹೇಳಿಲ್ಲ.” ಅವಳು ಕೈ ಬಿಟ್ಟಳು. ಕಾವಲಿನವನು ತನ್ನ ಮಾತಿಗೇ ಬಿಟ್ಟಳೆಂದುಕೊಂಡು ಮೀಸೆ ತಿರುವಿದ.

ಈ ವಿಷಯ ನಮ್ಮಿಬ್ಬರನ್ನು ಬಿಟ್ಟು ಮೂರನೆಯವರಿಗೆ ಹೋಗಲಿಲ್ಲ. ಹೋಗಿದ್ದರೆ ಇನ್ನೊಂದು ಠರಾವು, ಇನ್ನೊಂದು ಹಾಳೆ. ಜನರನ್ನು ಕರೆಯುವ ಅಗತ್ಯವೂ ಇರಲಿಲ್ಲ. ನಮ್ಮೂರವರು ಪ್ರತಿಯೊಂದು ಹಬ್ಬವನ್ನೂ ಎರಡು ಸಲ ನೋಡುವವರು, ಒಮ್ಮೆ ಆದಾಗ, ಒಮ್ಮೆ ನೀರಿಗೆ ಬಂದಾಗ. ನೀರಿನ ಆಟಕ್ಕೆ ಮುಖ್ಯ ಅತಿಥಿ ಇರುವುದಿಲ್ಲ, ಭಾಷಣ ಕೇಳಿಸುವುದಿಲ್ಲ, ಆದ್ದರಿಂದ ಹೆಚ್ಚು ಜನ ಬರುವುದು ಅದಕ್ಕೇ. ಹಾಳೆಯ ಆಚೆ ಈಚೆ ತೆರೆದಿದ್ದ ನೀರಿನಲ್ಲಿ ಡ್ರೋನ್‌ಗಳು ಕಾಣಬೇಕಿತ್ತಲ್ಲ. ಜನವರಿ ಮೂರರ ಸಂಜೆ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ನಾನು ದೂರದರ್ಶಕ ಹೂಡಿದೆ, ಸ್ಟಾಪ್‌ವಾಚ್ ಕೊರಳಿಗೆ ಹಾಕಿಕೊಂಡೆ. ಎಂಟಕ್ಕೆ ಕೆರೆ ಕತ್ತಲಾಯಿತು. ಆಗ ನಡುವಿನ ಚೌಕ ಮಾತ್ರ ಮಂಕಾಗಿ ಬೆಳ್ಳಗೆ ಉಳಿದದ್ದು ಜನರ ಕಣ್ಣಿಗೆ ಬಿತ್ತು. “ಅದೇನದು, ಹಾಲ ಚೆಲ್ಲಿದಂಗ?” “ಗೌಡ್ರ ಕಲ್ಲಂಗಡಿ ಹೊಲಾ ಇರಬೇಕ ಬಿಡ.” ನಗು ಎದ್ದಿತು. ಎಂಟೂ ನಲವತ್ತಕ್ಕೆ ಗೌಡರು ಬಂದರು. ಮುಂದಿನ ಸಾಲಿನಲ್ಲಿ ಅವರಿಗೆ ಕುರ್ಚಿ ಹಾಕಿದ್ದರು.

ನಲವತ್ತೇಳಕ್ಕೆ ಚೌಕದ ಸುತ್ತ ಬಣ್ಣ ಹತ್ತಿಕೊಂಡಿತು. ಕಮಲದ ಒಂದೊಂದೇ ಎಸಳು ಎಡಕ್ಕೂ ಬಲಕ್ಕೂ ಅರಳಿತು. ನಡುವೆ ಯಾವುದೋ ಹಳೆಯ ಸಂಜೆಯ ಬೂದುಬಿಸಿಲು. ಟೇಪಿನ ಗೆರೆಗಳು ಅದನ್ನು ಉದ್ದುದ್ದಕ್ಕೆ ಸೀಳಿದ್ದವು, ಸುಕ್ಕಿದ್ದಲ್ಲಿ ಎಲ್ಲ ಕಲಸಿಹೋಗಿತ್ತು. ಆದರೆ ಹಾಳೆ ನೀರಿಗೆ ಬಿಗಿಯಾಗಿ ಕೂತ ಕಡೆ ಆಚೆ ದಂಡೆ, ಶಾಮಿಯಾನ, ಕಂಬ ತಲೆಕೆಳಗಾಗಿ ಸರಿಯಾಗಿಯೇ ಕಾಣುತ್ತಿದ್ದವು. ಕಂಬದ ಬುಡದಲ್ಲಿ ಒಬ್ಬ ಖಾಕಿ ಅಂಗಿಯವನು ನಿಂತಿದ್ದ. ಶಾವಂತ್ರವ್ವ ಸದ್ದಿಲ್ಲದೆ ಎದ್ದು ನಿಂತಳು. ನಗು ಒಮ್ಮೆಲೇ ನಿಂತುಹೋಯಿತು. ಬಿಳಿ ಧೋತರ, ಕೆಂಪು ಶಾಲಿನ ಒಬ್ಬರು ಶಾಮಿಯಾನದಿಂದ ಹೊರಬಂದು, ಖಾಕಿಯವನ ಕಡೆ ತಿರುಗಿ, ಕೈಯನ್ನು ಮೇಲಕ್ಕೆ ಎತ್ತಿ ತೋರಿಸಿದರು. ಕಂಬ ಹತ್ತು ಎನ್ನುವುದಕ್ಕೆ ಇನ್ನೊಂದು ಸನ್ನೆ ಯಾವ ಊರಲ್ಲೂ ಇಲ್ಲ. ಫಕೀರಪ್ಪ ಚಪ್ಪಲಿ ಬಿಟ್ಟು ಬದಿಗಿಟ್ಟ, ಕಂಬಕ್ಕೆ ಕಾಲಿಟ್ಟ.

“ಅದು ನಾ ಅಲ್ಲ,” ಎಂದರು ಗೌಡರು ಕುರ್ಚಿಯಿಂದ. ಯಾರೂ ಏನೂ ಕೇಳಿರಲಿಲ್ಲ. “ಪ್ಲಾಸ್ಟಿಕ್ಕಿನಾಗ ಮೂಡಿದ್ದನ್ನ ನಂಬತೀರೇನು?” ಹಿಂದಿನಿಂದ ಉಳ್ಳಾಗಡ್ಡಿ ಮಾರುವ ಮಾಬವ್ವನ ದನಿ ಬಂತು. “ಹೋದ ವರ್ಷ ನಿಮ್ಮ ಕೊಟ್ಟಗಿ ಎಮ್ಮಿ ಕದ್ದಾವನ್ನ ಇದ ನೀರಾಗ ನೋಡಿ ಹಿಡದ್ರೆಲ್ಲ ಗೌಡ್ರ, ಆವತ್ತ ನಂಬಿದ್ರಿ.” ನಾನು ತಿರುಗಿ ನೋಡಲಿಲ್ಲ. ನನ್ನ ಕಣ್ಣು ದೂರದರ್ಶಕದಲ್ಲಿತ್ತು. ಕಂಬದ ತುದಿ ಮುಟ್ಟಿದ ಫಕೀರಪ್ಪ ತಂತಿಗೆ ಕೈ ಹಚ್ಚಿದ್ದ. ಕೆಳಗೆ ಕೆಂಪು ಶಾಲು ಕತ್ತು ಎತ್ತಿತು. ನಾನು ಸ್ಟಾಪ್‌ವಾಚ್ ಒತ್ತಿದೆ. ಸುತ್ತಲೂ ನವಿಲು ಗರಿ ಬಿಚ್ಚಿ, ಮುಚ್ಚಿ, ಚದುರಿತು. ಕೆಂಪು ಶಾಲು ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಲೇ ಇತ್ತು. ಒಮ್ಮೆ ಬೆರಳು ಮಾಡಿ ಏನೋ ಹೇಳಿತು, ಮೇಲಿನವನು ತಲೆಯಾಡಿಸಿದ. ಶಾವಂತ್ರವ್ವನ ಉಸಿರು ನನ್ನ ಹೆಗಲಿಗೆ ತಾಗುತ್ತಿತ್ತು. “ಬೀಳೂದರ ಮೊದಲ ಹೇಳ್ರಿ ಅಕ್ಕೋರ,” ಎಂದಳು. “ತಲಿ ಅಲ್ಲಾಡಿಸಿದ್ದ ನೋಡೀನಿ. ಅಷ್ಟ ಸಾಕು.” ಆಗ ಕೆಂಪು ಶಾಲು ಕಂಬದಿಂದ ಮುಖ ತಿರುಗಿಸಿ, ಸ್ವಿಚ್ಚಿನ ಶೆಡ್ಡಿನ ಕಡೆಗೆ ಕೈ ಬೀಸಿತು. ನಾನು ಗಡಿಯಾರ ನಿಲ್ಲಿಸಿದೆ. “ಈಗ,” ಎಂದೆ. ಅವಳು ಕಣ್ಣು ಮುಚ್ಚಿದಳು. ಬಣ್ಣಬಣ್ಣದ ಎರಡು ಕೈಗಳು ನೀರಿನ ಅಂಚಿನಲ್ಲಿ ಮುಗಿದುಕೊಂಡವು. ಅವುಗಳ ನಡುವೆ ಆಗಬೇಕಾದದ್ದು ಆಯಿತು. ಇಡೀ ಊರು ಅದನ್ನು ನೋಡಿತು, ಒಬ್ಬಳನ್ನು ಬಿಟ್ಟು.

ಮರುದಿನ ಬೆಳಿಗ್ಗೆ ತನಿಖೆಯ ಅಧಿಕಾರಿಗೆ ಒಂದು ಪುಟದ ವರದಿ ಕೊಟ್ಟೆ. ಹಾಳೆಯ ಎರಡು ಮೈಗಳ ವಿವರ, ಎರಡು ಸಲದ ಅಂತರದ ಲೆಕ್ಕ, ನನ್ನ ಬೆರಳಿನ ತಡದಿಂದ ಅರ್ಧ ಸೆಕೆಂಡು ಹೆಚ್ಚುಕಮ್ಮಿ ಆಗಿರಬಹುದು ಎಂಬುದು, ಎಲ್ಲ ಬರೆದೆ. ಅವರು ಓದಿ, “ನೀರನ್ನ ಸಾಕ್ಷಿ ಅಂತ ಕರೆಯೋಕೆ ಆಗುತ್ತಾ ಮೇಡಮ್?” ಎಂದರು. “ನೀರನ್ನು ಕರೆಯಬೇಡಿ,” ಎಂದೆ. “ಮೆಟ್ಟಿಲ ಮೇಲಿದ್ದ ಊರನ್ನು ಕರೆಯಿರಿ. ಹೊರಗೆ ನಿಂತಿದೆ.” ಕಿಟಕಿಯಾಚೆ ಶಾವಂತ್ರವ್ವನ ಹಿಂದೆ ರಸ್ತೆ ತುಂಬ ಜನ ನಿಂತಿದ್ದರು. ಅಧಿಕಾರಿ ಪೆನ್ನು ತೆಗೆದು, ಗೌಡರ ಹೇಳಿಕೆಯನ್ನು ಪಕ್ಕಕ್ಕಿಟ್ಟುಕೊಂಡು, ನನ್ನ ವರದಿಯ ಕೊನೆಯ ಸಾಲನ್ನು ತಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳತೊಡಗಿದರು: ಕಂಬದ ಮೇಲೆ ಮನುಷ್ಯನಿರುವುದು ಗಮನಕ್ಕೆ ಬಂದಿರಲಿಲ್ಲವೆಂದು ಬರೆದುಕೊಟ್ಟ ನೀಲಕಂಠಗೌಡರು ಅವನನ್ನು ಕತ್ತೆತ್ತಿ ನೋಡುತ್ತ ನಿಂತ ಅವಧಿ ಎರಡು ನಿಮಿಷ ಮೂವತ್ತೆಂಟು ಸೆಕೆಂಡು.